ಕಡಲೆ ಸೊಪ್ಪು ಬರೋ ವರ್ಷ: ಕೊಪ್ಪಳದ ಒಂದು ಸಣ್ಣ ಖಾನಾವಳಿ ಬಗ್ಗೆ

ಪ್ರಶ್ನೆ: ನಾನು ಮಂಡ್ಯ ಕಡೆಯವಳು. ಬ್ಯಾಂಕ್ ಕೆಲಸಕ್ಕೆ ಕೊಪ್ಪಳಕ್ಕೆ ಬಂದು ಎಂಟು ತಿಂಗಳಾಯಿತು. ನಮ್ಮ ಬ್ರಾಂಚಿನ ಹಿಂದಿನ ಓಣಿಯಲ್ಲಿ ಆರೇ ಆರು ಟೇಬಲ್ ಇರುವ ಒಂದು ಖಾನಾವಳಿ ಇದೆ. ವಾರಕ್ಕೆ ಮೂರು ದಿನ ಅಲ್ಲೇ ಊಟ, ತುಂಬಾ ಇಷ್ಟವಾಗಿದೆ. ಆದರೆ ಅಲ್ಲಿ ಮೆನು ಇಲ್ಲ, ಪಲ್ಯ ದಿನಕ್ಕೊಂದು. ಡಿಸೆಂಬರಿನಲ್ಲಿ ತಿಂದ ಕಡಲೆ ಸೊಪ್ಪಿನ ಪಲ್ಯ ಮತ್ತೆ ಬೇಕು ಅಂದರೆ "ಅದು ಇನ್ನ ಬರೋ ವರ್ಷರೀ" ಅನ್ನುತ್ತಾರೆ. ಎರಡೂವರೆ ಮೇಲೆ ಹೋದರೆ ಎಲ್ಲ ಮುಗಿದಿರುತ್ತದೆ. ಹಾಗೆ ಮುಗಿದ ಒಂದು ದಿನ ಬೇರೊಂದು ಹೋಟೆಲ್‌ಗೆ ಹೋಗಿ ಅನ್ನ, ಸಾರು, ಕಾಳುಪಲ್ಯ ತಿಂದೆ. ಎರಡು ದಿನ ಹೊಟ್ಟೆ ಕೆಟ್ಟಿತು. ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ ಬರುತ್ತಾರೆ. ಅವರನ್ನು ಈ ಖಾನಾವಳಿಗೆ ಕರೆದೊಯ್ಯುವ ಆಸೆ. ಇಲ್ಲಿ ಕೊಡುವುದು ನಿಜವಾಗಿ ತಾಜಾ ಅಂತ ತಿಳಿಯುವುದು ಹೇಗೆ? ಯಾವ ಕಾಲದಲ್ಲಿ ಏನು ತಿನ್ನಬೇಕು? ವಯಸ್ಸಾದವರಿಗೆ ಹಸಿ ಸೊಪ್ಪು ಕೊಡಬಹುದಾ?

ಉತ್ತರ: "ಬರೋ ವರ್ಷ" ಅಂದರಾ? ಹಾಗಿದ್ದರೆ ನಿಮ್ಮ ಖಾನಾವಳಿ ಮೇಲೆ ನನಗೆ ಆಗಲೇ ಅರ್ಧ ನಂಬಿಕೆ ಬಂತು. ಇಲ್ಲದ್ದನ್ನು ಇಲ್ಲ ಅನ್ನುವವರು ಈಗ ಕಡಿಮೆ.

ನಮ್ಮ ಮನೆಯವರೂ ಖಾನಾವಳಿ ನಡೆಸಿದವರು. ಅವ್ವ ಒಲೆ ಮುಂದೆ, ಅಪ್ಪ ಗಲ್ಲೆಯಲ್ಲಿ, ನಾನು ಶಾಲೆ ಬಿಟ್ಟು ಬಂದು ನೀರಿನ ಜಗ್ಗು ಹಿಡಿದುಕೊಂಡು ಟೇಬಲ್ಲಿನಿಂದ ಟೇಬಲ್ಲಿಗೆ. ಆಮೇಲೆ ಆಹಾರ ವಿಜ್ಞಾನ ಓದಿದೆ. ಈಗ ಸಣ್ಣ ಹೋಟೆಲಿನವರಿಗೆ ಅಡುಗೆಮನೆ ಕೆಲಸ ಹೇಳಿಕೊಡುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಓದಿನಿಂದ, ಅರ್ಧ ಉತ್ತರ ಅವ್ವನಿಂದ.

ಮೊದಲು ಆ ಕಡಲೆ ಸೊಪ್ಪಿನ ವಿಷಯ ಮುಗಿಸೋಣ. ಕಡಲೆ ಇಲ್ಲಿ ಹಿಂಗಾರಿ ಬೆಳೆ, ಅಂದರೆ ಮಳೆಗಾಲ ಮುಗಿಯುವಾಗ ಬಿತ್ತಿ ಚಳಿಯಲ್ಲಿ ಬೆಳೆಯುವುದು. ಯಲಬುರ್ಗಾ, ಕುಕನೂರು ಕಡೆಯ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಅಕ್ಟೋಬರ್ ಸುಮಾರಿಗೆ ಬಿತ್ತುತ್ತಾರೆ. ಗಿಡಕ್ಕೆ ತಿಂಗಳು ತುಂಬಿತು ಅನ್ನುವಾಗ ಕುಡಿ ಚಿವುಟುತ್ತಾರೆ. ಕುಡಿ ಚಿವುಟಿದರೆ ಪಕ್ಕದ ಟಿಸಿಲು ಹೆಚ್ಚುತ್ತದೆ, ಕಾಯಿಯೂ ಜಾಸ್ತಿ ಕಟ್ಟುತ್ತದೆ. ಆ ಚಿವುಟಿದ ಕುಡಿಯೇ ನಿಮ್ಮ ತಟ್ಟೆಗೆ ಬಂದದ್ದು. ಅಂದರೆ ಅದು ಸೊಪ್ಪಿಗಾಗಿ ಬೆಳೆದ ಸೊಪ್ಪಲ್ಲ, ಕಾಳಿಗಾಗಿ ಬೆಳೆದ ಗಿಡದಿಂದ ನಡುವೆ ಸಿಕ್ಕ ಲಾಭ. ಹೂ ಬಿಟ್ಟ ಮೇಲೆ ಯಾವ ರೈತನೂ ಕುಡಿಗೆ ಕೈ ಹಾಕಲು ಬಿಡುವುದಿಲ್ಲ. ಬೇರೆ ಬೇರೆ ದಿನ ಬಿತ್ತಿದ ಹೊಲಗಳನ್ನೆಲ್ಲ ಸೇರಿಸಿದರೂ ಎಳೆ ಸೊಪ್ಪು ಸಿಗುವುದು ಕೆಲವೇ ವಾರ. ಫೆಬ್ರವರಿಯಲ್ಲಿ ಯಾರಾದರೂ "ಎಳೇ ಕಡ್ಲಿ ಸೊಪ್ಪು ಐತ್ರಿ" ಅಂದರೆ ನೀವು ಅನುಮಾನ ಪಡಬಹುದು.

ಆ ಪಲ್ಯ ನಿಮಗೆ ಹಿಡಿಸಿದ್ದು ಅದರ ಹುಳಿಯಿಂದ ಅಂತ ನನ್ನ ಊಹೆ. ಅದಕ್ಕೆ ಹುಣಸೆಹಣ್ಣು ಹಾಕಿರುವುದಿಲ್ಲ. ಕಡಲೆ ಗಿಡದ ಮೈಮೇಲೆ ಸಣ್ಣ ರೋಮಗಳಿರುತ್ತವೆ. ಅವು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲವನ್ನು ಹನಿಹನಿಯಾಗಿ ಹೊರಗೆ ಬಿಡುತ್ತವೆ. ಹಿಂದಿನವರು ರಾತ್ರಿ ಗಿಡದ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿ ಸಮೇತ ಹಿಂಡಿ ಆ ಹುಳಿಯನ್ನು ಹೊಟ್ಟೆನೋವಿನ ಮದ್ದಿಗೆ ಅಂತ ಸೀಸೆಯಲ್ಲಿ ಇಡುತ್ತಿದ್ದರು. ಬೆಳ್ಳಂಬೆಳಿಗ್ಗೆ ಬರಿಗಾಲಲ್ಲಿ ಕಡಲೆ ಹೊಲದಲ್ಲಿ ಓಡಾಡಿ ನೋಡಿ, ಕಾಲು ಚುರುಗುಟ್ಟುತ್ತದೆ. ಸೊಪ್ಪನ್ನು ಉಜ್ಜಿ ಉಜ್ಜಿ ತೊಳೆದರೆ ಈ ಹುಳಿ ಹೋಗುತ್ತದೆ. ಅದಕ್ಕೇ ಕೆಲವು ಅಜ್ಜಿಯರು "ಕಡ್ಲಿ ಸೊಪ್ಪು ತೊಳೀಬಾರ್ದು" ಅನ್ನುತ್ತಾರೆ. ಔಷಧಿ ಹೊಡೆಯುವ ಈ ಕಾಲದಲ್ಲಿ ನಾನು ಆ ಮಾತು ಕೇಳುವುದಿಲ್ಲ. ಒಂದು ಸಲ ತಣ್ಣೀರಲ್ಲಿ ಅದ್ದಿ ತೆಗೆಯುವುದು ಬೇಕೇ ಬೇಕು. ಸ್ವಲ್ಪ ಹುಳಿ ಹೋದರೆ ಹೋಗಲಿ.

ಒಂದು ಗುಟ್ಟು ಹೇಳುತ್ತೇನೆ. ಎಳೆ ಸೊಪ್ಪು ಮುಗಿದಿರಬಹುದು, ಆದರೆ ಇಲ್ಲಿಯ ಮನೆಗಳಲ್ಲಿ ಅದನ್ನು ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳುವ ರೂಢಿ ಇದೆ. ನಿಮ್ಮ ಖಾನಾವಳಿಯವರ ಹತ್ತಿರ "ಒಣಗಿದ ಕಡ್ಲಿ ಸೊಪ್ಪು ಇಟ್ಟೀರೇನ್ರಿ?" ಅಂತ ಕೇಳಿ ನೋಡಿ. ನೀವು "ಕಡಲೆ ಸೊಪ್ಪು ಬೇಕು" ಅಂದಿರಿ, ಅವರು ಹಸಿಯದ್ದು ಅಂದುಕೊಂಡು ಇಲ್ಲ ಅಂದಿರುತ್ತಾರೆ. ಒಣ ಸೊಪ್ಪಿನ ಪಲ್ಯದ ರುಚಿ ಬೇರೆ, ಸ್ವಲ್ಪ ಗಡುಸು, ಹುಲ್ಲಿನ ವಾಸನೆ. ನನಗೆ ಅದೇ ಜಾಸ್ತಿ ಇಷ್ಟ.

ಇನ್ನು ತಾಜಾ ಹೌದೋ ಅಲ್ಲವೋ ಅನ್ನುವುದು. "ಎಲ್ಲ ಫ್ರೆಶ್ ಇದೆಯಾ?" ಅಂತ ಯಾರನ್ನೂ ಕೇಳಬೇಡಿ. ಇಲ್ಲ ಅನ್ನುವವರು ಹುಟ್ಟಿಲ್ಲ. "ಇವತ್ತು ಯಾವ ಪಲ್ಯ, ನಿನ್ನೆ ಯಾವುದಿತ್ತು?" ಅಂತ ಕೇಳಿ. ಬೆಳಿಗ್ಗೆ ಕಾಯಿಪಲ್ಯ ಮಾರ್ಕೆಟ್‌ಗೆ ಹೋಗಿ ಕೈಯಾರೆ ಆರಿಸಿ ತಂದವರು ತಡವರಿಸದೆ ಹೇಳುತ್ತಾರೆ. ಜೊತೆಗೆ ಒಂದು ಗೊಣಗೂ ಬರುತ್ತದೆ: ಇವತ್ತು ಮೆಂತ್ಯ ತುಟ್ಟಿ ಆಯ್ತು, ಹೀರೇಕಾಯಿ ಬಲಿತಿತ್ತು ಬಿಟ್ಟು ಬಂದೆ, ಹೀಗೆ. ಆ ಗೊಣಗು ಕೇಳಿದರೆ ನೀವು ಸರಿಯಾದ ಜಾಗದಲ್ಲಿ ಕೂತಿದ್ದೀರಿ.

ಎರಡೂವರೆಗೆ ಮುಗಿಯುವುದಕ್ಕೂ ಇದೇ ಕಾರಣ. ಲೆಕ್ಕ ಹಾಕಿ. ಆರು ಟೇಬಲ್, ಟೇಬಲ್ಲಿಗೆ ನಾಲ್ಕು ಮಂದಿ, ಮಧ್ಯಾಹ್ನ ಮೂರು ಸರತಿ. ಎಲ್ಲ ತುಂಬಿದರೂ ಎಪ್ಪತ್ತೆರಡು ಊಟ. ಅಪ್ಪ ದಿನಾ ಅರವತ್ತಕ್ಕೆ ಸಾಮಾನು ತರುತ್ತಿದ್ದರು. ಅರವತ್ತೊಂದನೆಯವರು ಬಂದರೆ ಕೈ ಮುಗಿದು "ಮುಗದೈತ್ರಿ, ನಾಳೆ ಲಗೂ ಬರ್ರಿ" ಅನ್ನುತ್ತಿದ್ದರು. ನನಗೆ ಆಗ ನಾಚಿಕೆ ಆಗುತ್ತಿತ್ತು, ಬಂದ ಗಿರಾಕಿಯನ್ನು ವಾಪಸ್ ಕಳಿಸುವುದಾ ಅಂತ. ಸೊಪ್ಪಿನ ಪಲ್ಯ ಉಳಿದರೆ ಸಂಜೆಗೆ ಬಣ್ಣ ಹೋಗುತ್ತದೆ, ರಾತ್ರಿಗೆ ನೀರು ಬಿಡುತ್ತದೆ. ಉಳಿಸಿಕೊಳ್ಳುವುದಕ್ಕಿಂತ ಮುಗಿಸುವುದೇ ಅಗ್ಗ. ನಾಲ್ಕು ಗಂಟೆಗೂ ಐದು ತರದ ಪಲ್ಯ ಬಿಸಿಬಿಸಿ ಸಿಗುವ ಕಡೆ ಒಂದೋ ದೊಡ್ಡ ಫ್ರಿಜ್ ಇರಬೇಕು, ಇಲ್ಲವೇ ಒಂದೇ ಪಾತ್ರೆ ಮೂರನೇ ಸಲ ಒಲೆ ಏರಿರಬೇಕು.

ತಟ್ಟೆಯಲ್ಲಿ ಏನು ನೋಡಬೇಕು? ಹೊಸಬರು ರೊಟ್ಟಿ ನೋಡುತ್ತಾರೆ, ಎಣ್ಣೆಗಾಯಿ ನೋಡುತ್ತಾರೆ. ನಾನು ನೋಡುವುದು ತಟ್ಟೆಯ ಅಂಚನ್ನು. ಎಣ್ಣೆಗಾಯಿ ವರ್ಷವಿಡೀ ಸಿಗುತ್ತದೆ, ಕಡಲೆ ಹಿಟ್ಟಿನ ಜುಣಕ ಯಾವಾಗ ಬೇಕಾದರೂ ಆಗುತ್ತದೆ. ಕಾಲ ಬದಲಾಗುವುದು ಅಂಚಿನಲ್ಲಿ ಇಟ್ಟ ಹಸಿಯದರಲ್ಲಿ. ಚಳಿಗಾಲವಾದರೆ ಉಳ್ಳಾಗಡ್ಡಿ ತಪ್ಪಲು (ಈರುಳ್ಳಿ ಸೊಪ್ಪು), ಎಳೆ ಮೂಲಂಗಿ, ಗಜ್ಜರಿ (ಕ್ಯಾರೆಟ್), ಮೆಂತ್ಯದ ಪಚಡಿ. ಅದೃಷ್ಟ ಇದ್ದರೆ ಹಕ್ಕರಕಿ. ಈ ಹಕ್ಕರಕಿಯನ್ನು ಯಾರೂ ಬಿತ್ತುವುದಿಲ್ಲ, ಹೊಲದಲ್ಲಿ ಕಳೆಯಾಗಿ ಬರುತ್ತದೆ. ಸ್ವಲ್ಪ ಕಹಿ, ರೊಟ್ಟಿ ಜೊತೆ ಹಸಿಯಾಗೇ ತಿನ್ನುವುದು. ಹೊಲದ ಕೆಲಸಕ್ಕೆ ಹೋದ ಹೆಣ್ಣುಮಕ್ಕಳು ಸೆರಗಲ್ಲಿ ಕಟ್ಟಿಕೊಂಡು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದು ತಟ್ಟೆಯಲ್ಲಿ ಕಂಡರೆ ಆ ಅಡುಗೆಮನೆಗೂ ಯಾವುದೋ ಹಳ್ಳಿಗೂ ನಂಟಿದೆ ಅಂತ ತಿಳಿಯಿರಿ. ಜನವರಿಯಲ್ಲೂ ಬರೀ ಉಳ್ಳಾಗಡ್ಡಿ ಹೋಳು, ನಿಂಬೆಹಣ್ಣಿನ ತುಂಡು ಇಟ್ಟರೆ ಆ ಮಾಲೀಕರಿಗೆ ಮಾರ್ಕೆಟ್ ಸುತ್ತುವ ಉತ್ಸಾಹ ಹೋಗಿದೆ ಅಂತ ಅರ್ಥ. ಊಟ ಕೆಟ್ಟದಿರುತ್ತದೆ ಅಂತ ಅಲ್ಲ. ನೀವು ಹುಡುಕುವುದು ಅಲ್ಲಿ ಸಿಗುವುದಿಲ್ಲ.

ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ಈ ಭಾಗದ ಊಟದಲ್ಲಿ ಎಲ್ಲವೂ ಇವತ್ತೇ ಮಾಡಿದ್ದಾಗಬೇಕು ಅಂತ ಇಲ್ಲ. ಪುಂಡಿ ಪಲ್ಯ ತಗೊಳ್ಳಿ. ಆಂಧ್ರದವರ ಗೋಂಗೂರಕ್ಕೆ ನಾವು ಪುಂಡಿ ಅನ್ನುತ್ತೇವೆ. ಸೊಪ್ಪನ್ನು ಬೇಯಿಸಿ, ಜೋಳದ ನುಚ್ಚು, ಬೇಳೆ ಹಾಕಿ ಗಟ್ಟಿ ಮಾಡಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಮಾಡಿದ ದಿನ ಅದರ ಹುಳಿ ಒಂದು ಕಡೆ, ಖಾರ ಒಂದು ಕಡೆ ಎಳೆಯುತ್ತದೆ. ಮರುದಿನ ಎರಡೂ ಹೊಂದಿಕೊಂಡಿರುತ್ತವೆ. ಹುಳಿ ಮತ್ತು ಎಣ್ಣೆ ಇರುವುದರಿಂದ ಬೇರೆ ಪಲ್ಯಗಳಷ್ಟು ಬೇಗ ಕೆಡುವುದೂ ಇಲ್ಲ. "ನಿನ್ನಿ ಪುಂಡಿಪಲ್ಯ ಐತ್ರಿ, ಹಾಕ್ಲೇನು?" ಅಂತ ಯಾರಾದರೂ ಪ್ರಾಮಾಣಿಕವಾಗಿ ಕೇಳಿದರೆ ನಾನು ತಟ್ಟೆ ಮುಂದೆ ಮಾಡುತ್ತೇನೆ. ಕಾಳುಪಲ್ಯಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ.

ಖಡಕ್ ರೊಟ್ಟಿಯೂ ಹಾಗೇ. ಜನವರಿಯಲ್ಲಿ ಗವಿಮಠದ ಜಾತ್ರೆ ನೋಡಿರುತ್ತೀರಿ. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ಮೇಲೆ ಲಕ್ಷಗಟ್ಟಲೆ ರೊಟ್ಟಿ ದಾಸೋಹಕ್ಕೆ ಬರುತ್ತವೆ. ಎಷ್ಟೋ ದಿನ ಮೊದಲೇ ಮನೆಮನೆಯಲ್ಲಿ ಬಡಿದು, ಒಣಗಿಸಿ, ಪೇರಿಸಿಟ್ಟ ರೊಟ್ಟಿ ಅವು. ತೇವ ತಾಗದಿದ್ದರೆ ಏನೂ ಆಗುವುದಿಲ್ಲ. ಮುರಿದಾಗ ಟಪ್ ಅಂತ ಸದ್ದು ಬಂದರೆ ಚೆನ್ನಾಗಿದೆ. ಬಾಗಿದರೆ, ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ.

ಬಿಸಿ ರೊಟ್ಟಿಯ ಕಥೆ ಬೇರೆ. ನಿಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದಾ? ಕೇಳಿಸಿದರೆ ಒಂದು ದಿನ ಅಡುಗೆಮನೆ ಬಾಗಿಲಲ್ಲಿ ಎರಡು ನಿಮಿಷ ನಿಲ್ಲಿ, ಬೈಯುವುದಿಲ್ಲ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಹಿಡಿಯುವ ಗ್ಲುಟೆನ್ ಇಲ್ಲ. ಅದಕ್ಕೆ ಕುದಿಯುವ ಎಸರು ಹಾಕಿ ನಾದುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಅದೇ ರೊಟ್ಟಿಯನ್ನು ಹಿಡಿದಿಡುವುದು. ಅಂಗೈಯಗಲದ ಉಂಡೆ ಇಟ್ಟುಕೊಂಡು ಬಡಿಯುತ್ತಾ ಬಡಿಯುತ್ತಾ ಸುತ್ತ ತಿರುಗಿಸುತ್ತಾರೆ. ಕೈ ತಿರುಗಿಸುವುದಿಲ್ಲ, ರೊಟ್ಟಿ ತಾನೇ ತಿರುಗುತ್ತದೆ ಅನ್ನಿಸುತ್ತದೆ. ಹಂಚಿಗೆ ಹಾಕಿ, ಮೇಲಿನ ಹಿಟ್ಟು ಹೋಗುವ ಹಾಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರುವುದರೊಳಗೆ ಮಗುಚಬೇಕು. ತಡವಾದರೆ ಸೀಳುತ್ತದೆ. ಆಮೇಲೆ ಬೆಂಕಿ ಪಕ್ಕ ನಿಲ್ಲಿಸಿದರೆ ಪೂರಿಯಂತೆ ಉಬ್ಬಿ, ಒಂದು ಕಡೆಯಿಂದ ಹಬೆ ಬಿಡುತ್ತದೆ. ಆ ಹಬೆ ಆರುವ ಮೊದಲು ತಟ್ಟೆಗೆ ಬಂದ ರೊಟ್ಟಿಗೆ ಪಲ್ಯವೂ ಬೇಡ, ಕೆಂಪು ಖಾರ ಮತ್ತು ಬೆಣ್ಣೆ ಸಾಕು.

ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ರೊಟ್ಟಿ ಅಂಚೆಲ್ಲ ಬಿರುಕು, ತಿಂದರೆ ಗಂಟಲಲ್ಲಿ ಸ್ವಲ್ಪ ಕಹಿ. ಒಳ್ಳೆಯ ಖಾನಾವಳಿಯವರು ಹಿಟ್ಟನ್ನು ಎರಡು ಮೂರು ದಿನಕ್ಕೆ ಆಗುವಷ್ಟೇ ಬೀಸಿಸುತ್ತಾರೆ. ಹಿಂಗಾರಿ ಜೋಳದ ರಾಶಿ ಈಗ, ಫೆಬ್ರವರಿ ಹೊತ್ತಿಗೆ ಶುರುವಾಗುತ್ತದೆ. ಇನ್ನು ಒಂದೆರಡು ತಿಂಗಳು ಹೊಸ ಜೋಳದ ರೊಟ್ಟಿ ಸಿಗುವ ಕಾಲ. ನಿಮ್ಮ ಅಪ್ಪ, ಅಮ್ಮ ಬರುವ ಹೊತ್ತಿಗೆ ಅದು ಇನ್ನೂ ಇರುತ್ತದೆ. ಅವರಿಗೆ ಒಂದು ಮಾತು ಮೊದಲೇ ಹೇಳಿ. ನಿಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುತ್ತೀರಿ. ರೊಟ್ಟಿಯನ್ನು ಹಾಗೆ ನುಂಗಲು ಹೋಗಬಾರದು, ಅಗಿದೇ ತಿನ್ನಬೇಕು. ನನ್ನ ಮೈಸೂರಿನ ಗೆಳೆಯನೊಬ್ಬ ಮೊದಲ ಸಲ ಅವಸರದಲ್ಲಿ ತಿಂದು ಬಿಕ್ಕಳಿಕೆ ಹತ್ತಿ, ಎರಡು ಲೋಟ ಮಜ್ಜಿಗೆ ಕುಡಿದು ಸುಧಾರಿಸಿಕೊಂಡ.

ಕಾಲದ ಲೆಕ್ಕ ಕೇಳಿದ್ದೀರಿ. ಚಳಿಗಾಲವೇ ಇಲ್ಲಿನ ಊಟದ ರಾಜ ಕಾಲ. ಅದರಲ್ಲಿ ಬಹಳಷ್ಟು ನೀವಾಗಲೇ ತಿಂದಿದ್ದೀರಿ. ಕಡಲೆ ಸೊಪ್ಪು, ಕುಸುಬಿ ಸೊಪ್ಪು, ಸಣ್ಣ ಎಲೆಯ ಮೆಂತ್ಯ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲುವ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮಳೆಗಾಲದಲ್ಲಿ ಬೆಳೆದ ಸಜ್ಜೆ ಆಗ ಮನೆಯಲ್ಲಿ ಹೊಸದಾಗಿ ಇರುತ್ತದೆ, ಚಳಿಗೆ ಮೈ ಬೆಚ್ಚಗಿಡುತ್ತದೆ ಅನ್ನುತ್ತಾರೆ. ಸೀತನಿ ತಿಂದಿರಾ? ಜೋಳದ ಕಾಳು ಇನ್ನೂ ಹಾಲು ತುಂಬಿ ಮೆತ್ತಗಿರುವಾಗ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇದ್ದಾಗಲೇ ಉದುರಿಸಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ಮೆಲ್ಲುವುದು. ಇದು ಖಾನಾವಳಿಯಲ್ಲಿ ಸಿಗುವುದು ಕಷ್ಟ. ಹೊಲ ಇರುವ ಸಹೋದ್ಯೋಗಿಯ ಸ್ನೇಹ ಬೇಕು. ಬ್ಯಾಂಕಿನಲ್ಲಿ ಇದ್ದೀರಿ, ಬೆಳೆ ಸಾಲಕ್ಕೆ ಬರುವ ರೈತರು ನೂರು ಮಂದಿ ಕರೆದಾರು. ಆದರೆ ಸಾಲ ಕೇಳಿದವರ ಹೊಲಕ್ಕೆ ಸೀತನಿ ತಿನ್ನಲು ಹೋಗಬೇಡಿ, ಸಹೋದ್ಯೋಗಿಯ ಹೊಲಕ್ಕೇ ಹೋಗಿ.

ಮಳೆಗಾಲ ಅಂದರೆ ಪುಂಡಿ, ಹೀರೇಕಾಯಿ, ಚವಳಿಕಾಯಿ. ನಿಮ್ಮ ಕಡೆ ಗೋರಿಕಾಯಿ ಅನ್ನುವುದೇ ಇಲ್ಲಿ ಚವಳಿಕಾಯಿ. ಆಗಸ್ಟ್, ಸೆಪ್ಟೆಂಬರಿಗೆ ಹೊಸ ಹೆಸರುಕಾಳು ಬರುತ್ತದೆ. ಹೊಸ ಹೆಸರು ಬೇಗ ಬೇಯುತ್ತದೆ, ಉಸುಳಿಗೆ ಅದರಷ್ಟು ಚೆಂದ ಬೇರೆ ಇಲ್ಲ.

ಬೇಸಿಗೆಗೆ ಬರೋಣ, ನಿಮಗೆ ಬೇಕಾದ್ದು ಅದೇ. ಮಳೆ ನಂಬಿದ ಹೊಲಗಳು ಆಗ ಖಾಲಿ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಆದ ಮೇಲೆ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರಿಗೆ ಭತ್ತ ಕೊಟ್ಟಿತು. ಯಲಬುರ್ಗಾ, ಕುಷ್ಟಗಿ ಕಡೆ ಆ ನೀರಿನ ಭಾಗ್ಯ ಇರಲಿಲ್ಲ. ಅದಕ್ಕೇ ಇಲ್ಲಿನ ಬೇಸಿಗೆ ಊಟ ಇಟ್ಟುಕೊಂಡದ್ದರ ಊಟ. ಮೊಳಕೆ ಬಂದ ಮಡಕಿ ಕಾಳು, ಜುಣಕ, ಸಂಡಿಗೆ, ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಹಸಿಯದಕ್ಕೆ ಬೋರ್‌ವೆಲ್ ನೀರಿನ ಬದನೆ, ಸವತೆಕಾಯಿ, ಮತ್ತೆ ಮಾವಿನಕಾಯಿ. "ಬೇಸಿಗೆಯಲ್ಲಿ ಏನೂ ಸಿಗಲ್ಲ" ಅಂತ ಬೇಜಾರಾಗಬೇಡಿ. ತುರಿದ ಮಾವಿನಕಾಯಿಗೆ ಹಸಿ ಉಳ್ಳಾಗಡ್ಡಿ, ಖಾರದ ಪುಡಿ, ಚೂರು ಬೆಲ್ಲ, ಮೇಲೆ ಇಂಗಿನ ಒಗ್ಗರಣೆ. ಇದು ಏಪ್ರಿಲ್ ಬಿಟ್ಟು ನವೆಂಬರಿನಲ್ಲಿ ಸಿಗುತ್ತದಾ? ಅಪ್ಪ, ಅಮ್ಮ ತಿಂಗಳ ಕೊನೆಗೆ ಬಂದರೆ ಇನ್ನೂ ಒಳ್ಳೆಯದು. ಕೊಪ್ಪಳ ಜಿಲ್ಲೆಯ ಕೇಸರ್ ಮಾವು ಮೇ ತಿಂಗಳಲ್ಲಿ ಜೋರಾಗಿ ಬರುತ್ತದೆ, ಏಪ್ರಿಲ್ ಕೊನೆಗೆ ಮೊದಲ ಹಣ್ಣು ಸಿಕ್ಕರೆ ಸೀಕರಣೆ ಮಾಡಿಸಬಹುದು. ಅಗಸಿ ಚಟ್ನಿ ಹಾಕಿಸಿಕೊಳ್ಳುವ ಮೊದಲು ಒಮ್ಮೆ ಮೂಸಿ ನೋಡಿ. ಅಗಸಿ ಎಣ್ಣೆಗೆ ಬೇಗ ಜಿಡ್ಡು ವಾಸನೆ ಹತ್ತುತ್ತದೆ, ಸೆಕೆಗಾಲದಲ್ಲಂತೂ ಇನ್ನೂ ಬೇಗ. ಬಣ್ಣ ಬಳಿಯುವಾಗ ಬರುತ್ತದಲ್ಲ, ಅಂಥ ವಾಸನೆ ಬಂದರೆ ಪಕ್ಕಕ್ಕಿಡಿ.

ಈಗ ನಿಮ್ಮ ಹೊಟ್ಟೆ. ಆ ಬೇರೆ ಹೋಟೆಲಿನಲ್ಲಿ ತಿಂದದ್ದರಿಂದಲೇ ಹೀಗಾಯಿತು ಅಂತ ನಾನು ಇಲ್ಲಿ ಕೂತು ತೀರ್ಪು ಕೊಡಲಾರೆ. ಆದರೆ ನೀವು ಹೇಳಿದ ಮೂರು ಪದಾರ್ಥ ಮತ್ತು ಹೊತ್ತು ನೋಡಿದರೆ ಅನುಮಾನ ಬರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಇಳಿಸಿದ ಅನ್ನ, ಸಾರು, ಕಾಳುಪಲ್ಯ ಮೂರು ಗಂಟೆಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗೆ ಇರುತ್ತವೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಹಬ್ಬ ಮಾಡುತ್ತವೆ. ಅನ್ನದಲ್ಲಿ ಒಂದು ಜಾತಿಯದು ಬೀಜಕಣವಾಗಿ ಕೂತಿರುತ್ತದೆ, ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ತಡವಾಗಿ ಊಟಕ್ಕೆ ಹೋದ ದಿನ ಅನ್ನದ ಮೇಲೆ ಕೈ ಇಡಿ. ಹಬೆ ಇಲ್ಲ ಅಂದರೆ ಬೇಡ ಅನ್ನಿ. ರೊಟ್ಟಿ, ಚಟ್ನಿ ಪುಡಿ, ಮೊಸರು ಸಾಕು, ಅದೇ ಹೊಟ್ಟೆಗೆ ಕ್ಷೇಮ. ಅಥವಾ ಒಗ್ಗರಣಿ ಮಿರ್ಚಿ (ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ) ತಿನ್ನಿ, ಮಿರ್ಚಿಯನ್ನು ನಿಮ್ಮ ಮುಂದೆಯೇ ಕರಿದು ಕೊಡುತ್ತಾರೆ. ಬಾಣಲೆಯ ಎಣ್ಣೆ ಮಾತ್ರ ನೋಡಿ. ಕಪ್ಪಾಗಿ, ಮೇಲೆ ನೊರೆ ನಿಂತು, ಕಣ್ಣು ಉರಿಯುವ ಹೊಗೆ ಬರುತ್ತಿದ್ದರೆ ಎಷ್ಟು ಹಸಿವಿದ್ದರೂ ಮುಂದಿನ ಗಾಡಿಗೆ ನಡೆಯಿರಿ.

ಗೋಡೆ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಪತ್ರ, ಅದರಲ್ಲಿ 14 ಅಂಕಿಯ ಸಂಖ್ಯೆ ಇರಬೇಕು. ಇದ್ದರೆ ಒಳ್ಳೆಯದು. ಆದರೆ ಆ ಕಾಗದ ಇವತ್ತಿನ ಸೊಪ್ಪು ತೊಳೆದದ್ದಕ್ಕೆ ಸಾಕ್ಷಿ ಹೇಳುವುದಿಲ್ಲ. ಅದಕ್ಕೆ ಕೈತೊಳೆಯುವ ಜಾಗ ನೋಡಿ, ನೀರಿನ ಜಗ್ಗಿನ ಒಳಭಾಗ ನೋಡಿ, ಟೇಬಲ್ ಒರೆಸುವ ಬಟ್ಟೆಯ ಬಣ್ಣ ನೋಡಿ. ಆ ಬಟ್ಟೆ ಒಂದೇ ಸಾಕು, ಒಳಗಿನ ಅಡುಗೆಮನೆ ಹೇಗಿದೆ ಅಂತ ನನಗೆ ಗೊತ್ತಾಗಿಬಿಡುತ್ತದೆ.

ಹಸಿ ಸೊಪ್ಪಿನ ಬಗ್ಗೆ ಕೇಳಿದ್ದಕ್ಕೆ ನಮ್ಮ ಮನೆಯದೇ ಒಂದು ಅವಮಾನದ ಕಥೆ ಹೇಳುತ್ತೇನೆ. ಒಂದು ವರ್ಷ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮರುದಿನ ಅಪ್ಪ ಅಗ್ಗಕ್ಕೆ ಸಿಕ್ಕಿತು ಅಂತ ಎರಡು ಮೂಟೆ ಮೆಂತ್ಯ ತಂದರು. ಮಳೆ ಹನಿ ನೆಲಕ್ಕೆ ಬಡಿದು ಮಣ್ಣೆಲ್ಲ ಎಲೆಗೆ ಹಾರಿತ್ತು. ಅವ್ವ ಎರಡು ನೀರಲ್ಲಿ ತೊಳೆದು ಪಚಡಿ ಮಾಡಿದರು. ಮಧ್ಯಾಹ್ನ ದಿನಾ ಬರುವ ಒಬ್ಬ ಮೇಷ್ಟ್ರು ಊಟ ಮಾಡುತ್ತಾ ಮಾಡುತ್ತಾ ನಿಂತರು. ಏನೂ ಅನ್ನಲಿಲ್ಲ. ನಾಲಿಗೆ ತುದಿಯಿಂದ ಒಂದು ಉಸುಕಿನ ಕಣ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಊಟ ಮುಗಿಯುವ ಹೊತ್ತಿಗೆ ಅಂಚಿನಲ್ಲಿ ಐದು ಕಣ ಸಾಲಾಗಿ ಕೂತಿದ್ದವು. ದುಡ್ಡು ಕೊಟ್ಟು ಹೋದರು. ತಟ್ಟೆ ಎತ್ತಿದ್ದು ನಾನು. ಅವ್ವನಿಗೆ ತೋರಿಸಿದೆ. ಆ ರಾತ್ರಿ ಅವ್ವ ಊಟ ಮಾಡಲಿಲ್ಲ.

ಮರುದಿನದಿಂದ ತೊಳೆಯುವ ರೀತಿಯೇ ಬದಲಾಯಿತು. ಅಗಲವಾದ ಬುಟ್ಟಿ ಹಿಡಿಯುವಷ್ಟು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪು ಮುಳುಗಿಸಿ, ಅಲುಗಾಡಿಸಿ, ಹತ್ತು ನಿಮಿಷ ಬಿಡುವುದು. ಆಮೇಲೆ ನೀರು ಬಸಿಯುವುದಲ್ಲ, ಸೊಪ್ಪನ್ನು ಕೈಯಲ್ಲಿ ಮೇಲಿನಿಂದ ಎತ್ತುವುದು. ಬಸಿದರೆ ತಳದ ಉಸುಕು ಮತ್ತೆ ಸೊಪ್ಪಿನ ಮೇಲೇ ಕೂರುತ್ತದೆ. ಹೀಗೆ ಮೂರು ನೀರು, ತಳದಲ್ಲಿ ಉಸುಕು ಕಾಣದವರೆಗೆ. ಇವತ್ತಿಗೂ ನಾನು ತರಬೇತಿಯಲ್ಲಿ ಮೊದಲು ಹೇಳಿಕೊಡುವುದು ಇದನ್ನೇ. ತೊಳೆದರೆ ಮಣ್ಣು ಹೋಗುತ್ತದೆ, ಆದರೆ ತೊಳೆಯುವ ನೀರೇ ಕೆಟ್ಟದಾಗಿದ್ದರೆ ಏನೂ ಪ್ರಯೋಜನ ಇಲ್ಲ. ಅದಕ್ಕೆ ಪಚಡಿ ತಿನ್ನುವ ಮೊದಲು "ಕುಡಿಯೋ ನೀರಾಗ ತೊಳಿತೀರೇನ್ರಿ?" ಅಂತ ಕೇಳುವುದರಲ್ಲಿ ತಪ್ಪಿಲ್ಲ.

ನಿಮ್ಮ ಅಪ್ಪ, ಅಮ್ಮನಿಗೆ ಮೊದಲ ದಿನವೇ ಹಸಿ ಸೊಪ್ಪು ಬೇಡ. ಪ್ರಯಾಣದ ಸುಸ್ತು, ಹೊಸ ನೀರು, ಏಪ್ರಿಲ್ ಬಿಸಿಲು. ಸವತೆಕಾಯಿಯನ್ನು ಇಡಿಯಾಗಿ ತರಿಸಿ ನೀವೇ ಹೆಚ್ಚಿಕೊಳ್ಳಿ. ಎರಡು ದಿನ ಕಳೆದು ಹೊಟ್ಟೆ ಒಗ್ಗಿದ ಮೇಲೆ ಪಚಡಿ ಕೊಡಿ. ಖಾರ ಕಡಿಮೆ ಮಾಡಿ ಅಂತ ಹೇಳಲು ಸಂಕೋಚ ಬೇಡ, ಆದರೆ ಎಣ್ಣೆಗಾಯಿಗೆ ಹೇಳಬೇಡಿ. ಅದರ ಮಸಾಲೆ ಮೊದಲೇ ತುಂಬಿ ಆಗಿರುತ್ತದೆ, ಹೇಳಿದರೂ ಏನೂ ಮಾಡಲಾಗುವುದಿಲ್ಲ. ಖಾರ ಅನ್ನಿಸಿದರೆ ಮೊಸರು ಬೆರೆಸಿಕೊಳ್ಳಲಿ.

ಇನ್ನೊಂದು ವಿನಂತಿ, ನನ್ನ ಸ್ವಾರ್ಥದ್ದು ಅಂದುಕೊಳ್ಳಿ. ಆ ಖಾನಾವಳಿಯ ರೀಲ್ಸ್ ಮಾಡಿ ಹಾಕಬೇಡಿ. ಆರು ಟೇಬಲ್ಲಿನ ಜಾಗಕ್ಕೆ ಇನ್ನೂರು ಮಂದಿ ಬಂದರೆ ಅವರು ಇನ್ನೂರು ಮಂದಿಗೆ ಸಾಮಾನು ತರಬೇಕು. ಇನ್ನೂರು ಮಂದಿಗೆ ಆಗುವಷ್ಟು ಹಕ್ಕರಕಿ ಯಾವ ಸೆರಗಲ್ಲೂ ಬರುವುದಿಲ್ಲ. ಒಂದೆರಡು ಕಡೆ ಹೀಗಾದದ್ದು ನೋಡಿದ್ದೇನೆ. ಮೊದಲು ಹೋಗುವುದು ಅಂಚಿನ ಪಚಡಿ, ಆಮೇಲೆ ರೊಟ್ಟಿ ಬಡಿಯುವ ಸದ್ದು. ಕೊನೆಗೆ ಗೋಡೆಗೆ ದೊಡ್ಡ ಬೋರ್ಡ್ ಬಂತು, ಪನೀರ್ ಬಂತು.

ಅಪ್ಪ, ಅಮ್ಮ ಬರುವ ಹಿಂದಿನ ದಿನ ಖಾನಾವಳಿಗೆ ಹೋಗಿ "ನಾಳೆ ನಮ್ಮ ಮನೆಯವರು ಬರ್ತಾರ್ರಿ, ಮೂರು ಮಂದಿ ಇದ್ದೀವಿ" ಅಂತ ಹೇಳಿ ಬನ್ನಿ. ಇದು ಬಹಳ ಕೆಲಸ ಮಾಡುತ್ತದೆ. ಬೆಳಿಗ್ಗೆ ಮಾರ್ಕೆಟ್‌ನಲ್ಲಿ ಅವರ ಕೈ ಒಂದು ಒಳ್ಳೆಯ ಬದನೆಕಾಯಿ ಮೇಲೆ ಒಂದು ಕ್ಷಣ ಜಾಸ್ತಿ ನಿಲ್ಲುತ್ತದೆ. ಒಣ ಕಡಲೆ ಸೊಪ್ಪು ಇದ್ದರೆ ರಾತ್ರಿಯೇ ನೆನೆಹಾಕುತ್ತಾರೆ. ಹನ್ನೆರಡೂಮುಕ್ಕಾಲಿಗೆ ಹೋಗಿ ಕೂರಿ, ಒಂದೂವರೆಗೆ ನೂಕುನುಗ್ಗಲು. ಅಮ್ಮನನ್ನು ಅಡುಗೆಮನೆ ಬಾಗಿಲು ಕಾಣುವ ಕಡೆ ಕೂರಿಸಿ, ರೊಟ್ಟಿ ಬಡಿಯುವುದು ನೋಡಲಿ. ಅಪ್ಪನಿಗೆ ಹಲ್ಲಿನ ತೊಂದರೆ ಇದ್ದರೆ "ಮೆತ್ತಗಿನ ಬಿಸಿ ರೊಟ್ಟಿ, ಒಂದೊಂದೇ ಹಾಕ್ರಿ" ಅನ್ನಿ.